ದಾರಿಯ ಆಚಾರ: ಸಮುದ್ರ ದಾಟುವ ವಿಮಾನದ ಆಯ್ಕೆಯಲ್ಲಿ ಧರ್ಮವಿಚಾರ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸಂಪ್ರದಾಯಸ್ಥ ಮನೆಗಳಿಂದ ಹಿರಿಯರು ಮಗಳ ಬಾಣಂತನಕ್ಕೋ ಮೊಮ್ಮಗನ ಉಪನಯನಕ್ಕೋ ಅಮೆರಿಕಕ್ಕೆ ಹೊರಟಾಗ, ಯಾವ ಕಂಪನಿಯ ವಿಮಾನ ಹಿಡಿಯಬೇಕೆಂಬ ವಿಚಾರ ಟಿಕೆಟ್ ದರ ಮತ್ತು ಲಗೇಜಿನ ತೂಕದ ಲೆಕ್ಕಕ್ಕೆ ಮುಗಿಯುವುದಿಲ್ಲ. ದಾರಿಯಲ್ಲಿ ಮಡಿ ಉಳಿದೀತೆ, ಸಂಧ್ಯಾವಂದನೆ ತಪ್ಪೀತೆ ಎಂಬ ಆತಂಕವೂ ಅದರೊಡನೆ ಬೆರೆತಿರುತ್ತದೆ. ಆಚಾರ, ಅಂದರೆ ದಿನನಿತ್ಯದ ಧಾರ್ಮಿಕ ನಡೆವಳಿಕೆ, ಯಾವುದಕ್ಕೆ ಬದ್ಧವಾಗಿದೆ, ಸ್ಥಳಕ್ಕೋ, ಕಾಲಕ್ಕೋ, ಮನುಷ್ಯನಿಗೋ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ.

ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯಗಳಲ್ಲಿ, ಎಂದರೆ ಮನುಷ್ಯನನ್ನು ತನ್ನ ಸ್ಥಾನದಿಂದ ಜಾರಿಸುವ ಕರ್ಮಗಳಲ್ಲಿ, ಎಣಿಸಿದೆ; ಮುಂದಿನ ನಿಬಂಧಗಳು ಅದನ್ನು ಕಲಿವರ್ಜ್ಯಗಳ, ಅಂದರೆ ಕಲಿಯುಗದಲ್ಲಿ ಬಿಡಬೇಕಾದ ಆಚರಣೆಗಳ, ಪಟ್ಟಿಗೆ ಸೇರಿಸಿದವು. ಗೃಹಸ್ಥರ ಮಟ್ಟಿಗೆ ಈ ನಿಷೇಧ ಬಹು ಹಿಂದೆಯೇ ಸಡಿಲವಾಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿಬಂದಿದ್ದರು. ಯತಿಗಳ ವಿಷಯದಲ್ಲಿ ಮಾತ್ರ ಚರ್ಚೆ ಇನ್ನೂ ಜೀವಂತವಾಗಿದೆ. 2008ರಲ್ಲಿ ಉಡುಪಿಯ ಪುತ್ತಿಗೆ ಮಠದ ಪರ್ಯಾಯ, ಎಂದರೆ ಕೃಷ್ಣಪೂಜೆಯ ಸರದಿ, ಬಂದಾಗ, ಸಾಗರ ದಾಟಿದ ಯತಿ ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆ ಮಠಗಳ ನಡುವೆ ಬಹಿರಂಗವಾಗಿಯೇ ಎದ್ದಿತು.

ಗೃಹಸ್ಥರಿಗೆ ಇಂದು ಉಳಿದಿರುವುದು ಊಟದ ಮತ್ತು ಹೊತ್ತಿನ ಪ್ರಶ್ನೆ. ಟಿಕೆಟ್ ಕಾಯ್ದಿರಿಸುವಾಗ ಕಾಣುವ ‘ಹಿಂದೂ ಊಟ’, ಎಂದರೆ ಎಚ್‌ಎನ್‌ಎಂಎಲ್ ಸಂಕೇತದ ಊಟ, ಗೋಮಾಂಸವಿಲ್ಲದ್ದೇ ಹೊರತು ಸಾಮಾನ್ಯವಾಗಿ ಸಸ್ಯಾಹಾರವಲ್ಲ; ಸಸ್ಯಾಹಾರಕ್ಕೆ ಎವಿಎಂಎಲ್ ಎಂದೂ, ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆಗೆಣಸುಗಳಿಲ್ಲದ ಜೈನ ಊಟಕ್ಕೆ ವಿಜೆಎಂಎಲ್ ಎಂದೂ, ಹೊರಡುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ಹೇಳಿಡುವುದು ವಾಡಿಕೆ. ಆದರೆ ಸ್ನಾನ ಮಾಡಿ, ಮಡಿಯುಟ್ಟು, ಬೇರೆಯವರನ್ನು ಮುಟ್ಟದೆ ಮಾಡಿದ ಅಡಿಗೆ ಯಾವ ಕಂಪನಿಯ ವಿಮಾನದಲ್ಲೂ ಸಿಗುವುದಿಲ್ಲ. ಇದನ್ನು ಬಲ್ಲ ಮನೆಗಳವರು ಮುಸುರೆಯಲ್ಲದ, ಅಂದರೆ ನೀರಿನಲ್ಲಿ ಬೇಯಿಸದ, ಹುರಿಟ್ಟು, ಒಗ್ಗರಣೆ ಹಾಕಿದ ಗರಿಗರಿ ಅವಲಕ್ಕಿ, ಬಾಳೆಹಣ್ಣುಗಳನ್ನು ಕೈಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. ಆದುದರಿಂದ ಮಡಿಯ ದೃಷ್ಟಿಯಿಂದ ನೋಡಿದರೆ ಎಲ್ಲ ಕಂಪನಿಗಳೂ ಒಂದೇ.

ಹೊತ್ತಿನ ವಿಷಯವೂ ಹಾಗೆಯೇ. ಫ್ರಾಂಕ್‌ಫರ್ಟಿನಿಂದ ಮಧ್ಯಾಹ್ನ ಹೊರಟ ವಿಮಾನ ಸೂರ್ಯನ ಬೆನ್ನಟ್ಟಿ ಪಶ್ಚಿಮಕ್ಕೆ ಎಂಟು ಗಂಟೆ ಹಾರಿ ಅಟ್ಲಾಂಟಿಕ್ ದಾಟಿ ಬಾಸ್ಟನ್ ಸೇರಿದಾಗಲೂ ಅಲ್ಲಿ ಮಧ್ಯಾಹ್ನ ಕಳೆದಿರುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ಹಾರಿಸಿಕೊಂಡು ಬಂದ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂತು. ಆ ತಿಂಗಳು ಧ್ರುವದಲ್ಲಿ ಸೂರ್ಯೋದಯವೇ ಇಲ್ಲ. ಸಂಧ್ಯಾವಂದನೆ ಕೇವಲ ಆಕಾಶದ ಬೆಳಕಿಗೆ ಬದ್ಧವಾಗಿದ್ದರೆ ಇಂಥ ದಾರಿಯಲ್ಲಿ ಅದಕ್ಕೆ ಎಡೆಯೇ ಇರುತ್ತಿರಲಿಲ್ಲ. ಸಂಪ್ರದಾಯ ಇದಕ್ಕೆ ಉತ್ತರವನ್ನು ಮೊದಲೇ ಇಟ್ಟುಕೊಂಡಿದೆ: ಹೊತ್ತು ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವೆಂದು ಒಂದು ಅರ್ಘ್ಯ ಹೆಚ್ಚು, ನೀರಿನ ಸ್ನಾನ ಸಾಧ್ಯವಾಗದಲ್ಲಿ ಮಂತ್ರಸ್ನಾನ, ಮಾನಸಸ್ನಾನ, ಊರಲ್ಲಿ ಪೂರ್ಣವಾಗಿ ನಡೆಯಬೇಕಾದ ಆಚಾರ ದಾರಿಯಲ್ಲಿ ಅರ್ಧ ಸಾಕು, ರೋಗಿಗೆ ನಿಯಮವೇ ಇಲ್ಲ ಎಂಬ ತೀರ್ಮಾನ.

ಈ ತೀರ್ಮಾನವನ್ನು ರಿಯಾಯಿತಿ ಎಂದಷ್ಟೇ ತಿಳಿಯುವುದು ತಪ್ಪು. ಶಾಸ್ತ್ರ ದಾರಿಯನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿ, ಅಲ್ಲಿ ದೇಹದ ಶಕ್ತಿಯನ್ನೇ ಅಳತೆಗೋಲಾಗಿ ಒಪ್ಪಿಕೊಂಡಿದೆ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗ ಸಿದ್ಧಿಸದೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುವುದು ಇದೇ ವಿವೇಕವನ್ನು. ಮಡಿಯ ಹೆಸರಿನಲ್ಲಿ ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬರು ಇಪ್ಪತ್ತನಾಲ್ಕು ಗಂಟೆ ಉಪವಾಸವಿದ್ದು, ಮಾತ್ರೆಯನ್ನೂ ಮುಂದೂಡಿ ಇಳಿಯುವುದನ್ನು ತಪಸ್ಸೆಂದು ಕೊಂಡಾಡುವುದು ಶಾಸ್ತ್ರಕ್ಕೂ ಸಮ್ಮತವಲ್ಲ, ಮನುಷ್ಯತ್ವಕ್ಕೂ ಸಮ್ಮತವಲ್ಲ.

ಶುದ್ಧಿಯಲ್ಲಿ ಎಲ್ಲ ವಿಮಾನಗಳೂ ಸಮವೆಂದಾದ ಮೇಲೆ, ನಿಜವಾದ ವ್ಯತ್ಯಾಸ ಉಳಿಯುವುದು ದೇಹ ಹೊರಬೇಕಾದ ಭಾರದಲ್ಲಿ. ಯುರೋಪಿನ ಮೇಲಿನ ದಾರಿ ಪ್ರಯಾಣವನ್ನು ಸುಮಾರು ಒಂಬತ್ತು ಹತ್ತು ಗಂಟೆಗಳ ಎರಡು ಪಾಲಾಗಿಸುತ್ತದೆ. ದುಬೈ, ದೋಹಾಗಳ ದಾರಿಯಲ್ಲಿ ಮೊದಲ ಪಾಲು ನಾಲ್ಕು ಗಂಟೆಯಾದರೆ ಎರಡನೆಯದು ಹದಿನಾಲ್ಕಕ್ಕೂ ಮೀರುತ್ತದೆ. ನೇರ ವಿಮಾನದಲ್ಲಿ ಇಳಿದು ಹತ್ತುವ ಗೊಂದಲವಿಲ್ಲ, ಆದರೆ ಹದಿನಾರು ಹದಿನೇಳು ಗಂಟೆ ಒಂದೇ ಆಸನ. ಇಂಗ್ಲಿಷು ಬಾರದೆ ಒಬ್ಬರೇ ಹೊರಟ ತಾಯಿಗೆ ನೇರ ವಿಮಾನ ಹಿತ. ಕಾಲು ಊದಿಕೊಳ್ಳುವ ತಂದೆಗೆ ನಡುವೆ ಇಳಿದು ನಾಲ್ಕು ಹೆಜ್ಜೆ ಹಾಕುವುದು ಹಿತ. ಇಬ್ಬರಿಗೂ ವೀಲ್‌ಚೇರನ್ನು ಮೊದಲೇ ಹೇಳಿಡಬೇಕು. ದೂರದಲ್ಲಿ ಕುಳಿತು ಟಿಕೆಟ್ ತೆಗೆಸುವ ಮಕ್ಕಳು ಎರಡು ನಿಲುಗಡೆಯ ಅಗ್ಗದ ದರಕ್ಕೆ ಮನಸೋಲುವ ಮುನ್ನ ಇದನ್ನೆಲ್ಲ ವಿಚಾರಿಸುವುದು ಮಾತಾಪಿತೃಸೇವೆಯೇ ಆಗುತ್ತದೆ. ಹಿರಿಯರ ಪಾಲಿನ ಧರ್ಮ ದಾರಿಯಲ್ಲಿ ಅರ್ಧ ಆಚಾರವನ್ನು ಅಳುಕಿಲ್ಲದೆ ಒಪ್ಪುವುದು. ಮಕ್ಕಳ ಪಾಲಿನ ಧರ್ಮ ಆ ದಾರಿಯನ್ನು ಅವರ ಶಕ್ತಿಗೆ ತಕ್ಕಂತೆ ಆರಿಸುವುದು.