ಸಹಪಾಠಿಗೂ ಒಂದು ಬೊಗಸೆ ನೀರು

ನವರಾತ್ರಿಯ ಕಲಶಸ್ಥಾಪನೆಯ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ದೇವಿಯ ಆರಾಧನೆಗೆ ತೊಡಗುವ ಮುನ್ನ ಅಗಲಿದವರ ಋಣವನ್ನು ಸ್ಮರಿಸಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಅಂದಿನ ತರ್ಪಣದಲ್ಲಿ ತಂದೆತಾಯಿ, ಅಜ್ಜ ಮುತ್ತಜ್ಜಂದಿರಿಗೆ ಮಾತ್ರವಲ್ಲದೆ ಗುರುವಿಗೂ ಸಖನಿಗೂ ಎಳ್ಳುನೀರು ಸಲ್ಲುತ್ತದೆ. ರಕ್ತಸಂಬಂಧವಿಲ್ಲದ ಗೆಳೆಯನನ್ನು ಪಿತೃಗಳ ಪಂಕ್ತಿಯಲ್ಲಿ ಕುಳ್ಳಿರಿಸಿದ ಈ ಔದಾರ್ಯ ಸಾಮಾನ್ಯವಾದುದಲ್ಲ.

ಆದರೂ ಒಬ್ಬ ಸಖನ ಹೆಸರು ನಾಲಗೆಯ ತುದಿಗೆ ಬಂದು ಹಿಂಜರಿಯುತ್ತದೆ. ಊರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು, ಅಥವಾ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಜೊತೆಗೆ ಓದಿದವನು. ಮನಸ್ಸಿಗೆ ಕವಿದ ಕತ್ತಲೆಯನ್ನು ತಾಳಲಾರದೆ ಪ್ರಾಣ ನೀಗಿದವನು. ಎಷ್ಟೋ ವರ್ಷಗಳ ಬಳಿಕ ಹಳೆಯ ವಿದ್ಯಾರ್ಥಿಗಳು ಕೂಡಿದಾಗ ಹೃದ್ರೋಗದಿಂದ ಅಗಲಿದವನನ್ನು ಎಲ್ಲರೂ ನೆನೆಯುತ್ತಾರೆ. ಇವನ ಹೆಸರು ಬಂದೊಡನೆ ಯಾರೋ ಕಾಫಿಯ ಮಾತೆತ್ತುತ್ತಾರೆ. ಈ ಮೌನ ಮರ್ಯಾದೆಯೋ, ಬಹಿಷ್ಕಾರವೋ?

ಅವನು ಪಾಪಿ ಎಂಬ ಅಳುಕು ಇದರ ಹಿಂದೆ ಇದೆ. ಆತ್ಮಘಾತುಕರಿಗೆ ಕತ್ತಲೆಯ ಲೋಕವೇ ಗತಿಯೆಂದು ಈಶಾವಾಸ್ಯದ ಮೂರನೆಯ ಮಂತ್ರವನ್ನು ಬಲ್ಲವರು ಉದಾಹರಿಸುವುದುಂಟು. ಶಂಕರರ ಭಾಷ್ಯವಾದರೋ ಆ ಪದಕ್ಕೆ ಆತ್ಮಸ್ವರೂಪವನ್ನರಿಯದ ಅವಿದ್ವಾಂಸರು ಎಂದೇ ಅರ್ಥ ಹೇಳುತ್ತದೆ. ಹಾಗೆ ನೋಡಿದರೆ ಕೂಟದಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಮಂದಿ ಆ ಪಟ್ಟಿಯಿಂದ ಹೊರಗುಳಿದಾರು! ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿ ವಿಧಿಸಿದ್ದು ವ್ಯಾಕರಣಕ್ಕಾಗಿಯಾದರೂ ಧರ್ಮವಿಚಾರಕ್ಕೂ ಅದು ಹೊಂದುತ್ತದೆ. ಖಿನ್ನತೆಯು ನಿದ್ರೆ, ಹಸಿವು, ನಾಳಿನ ಆಸೆಗಳನ್ನು ಒಂದೊಂದಾಗಿ ಕಬಳಿಸಿ, ತಾನು ಎಲ್ಲರಿಗೂ ಭಾರವೆಂಬ ಸುಳ್ಳನ್ನು ರೋಗಿಯ ಬಾಯಿಂದಲೇ ನುಡಿಸುವ ವ್ಯಾಧಿ. ಅಂಥ ವ್ಯಾಧಿಗೆ ಸಿಲುಕಿದವನನ್ನು ಪೂರ್ಣ ಸ್ವತಂತ್ರನೆನ್ನಲು ಬಾರದು. ಕಾನೂನು ಸಹ ತಡವಾಗಿಯಾದರೂ ಇತ್ತ ಹೊರಳಿತು. ಆತ್ಮಹತ್ಯೆಗೆ ಯತ್ನಿಸಿದವನನ್ನು ಬಹುಕಾಲ ಅಪರಾಧಿಯೆನ್ನುತ್ತಿದ್ದ ದೇಶದಲ್ಲಿ, 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯು ಅವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ವಿಧಿಸಿತು.

ಗೀತೆಯ ಮೊದಲ ಅಧ್ಯಾಯಕ್ಕೆ ವಿಷಾದಯೋಗವೆಂಬ ಹೆಸರು. ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಜಾರುತ್ತದೆ. ಕೃಷ್ಣನು ಆ ಅಧ್ಯಾಯ ಮುಗಿಯುವವರೆಗೂ ನಡುವೆ ಬಾಯಿ ಹಾಕುವುದಿಲ್ಲ. ಎರಡನೆಯ ಅಧ್ಯಾಯದ ಆರಂಭದಲ್ಲಿ ಅವನಾಡುವ ಮೊದಲ ಮಾತು ಗದರಿಕೆ: ಹೃದಯದೌರ್ಬಲ್ಯ ಬಿಟ್ಟು ಏಳೆಂಬ ಉಪದೇಶ. ಅದರಿಂದ ಫಲವಾಯಿತೇ? ಅರ್ಜುನ ಯುದ್ಧ ಮಾಡಲಾರೆನೆಂದು ಸುಮ್ಮನಾದ. ಧೈರ್ಯ ತಂದುಕೊ, ಗಂಡಸಲ್ಲವೇ ಎಂಬ ಮಾತು ಭಗವಂತನ ಬಾಯಿಂದ ಬಂದಾಗಲೂ ನಾಟಲಿಲ್ಲ. ನಂತರವೇ ಆ ದೀರ್ಘ ಸಂವಾದ, ಪ್ರಶ್ನೆಗೆ ಪ್ರಶ್ನೆ ಎದುರಾದರೂ ಬೇಸರಿಸದ ಸಖ್ಯ. ಅರ್ಜುನನ ಈ ವಿಷಾದವನ್ನು ಪ್ರತಿದಿನ ಪಾರಾಯಣ ಮಾಡುವ ಮನೆಗಳಲ್ಲಿಯೇ ಗೆಳೆಯನ ವಿಷಾದ ನಾಚಿಕೆಯ ಸಂಗತಿಯಾಗಿರುವುದು ವಿಚಿತ್ರ.

ಜಪಾನಿನ ಕಥೆಗಾರ ಅಕುತಗವ 1927ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ, ಇದೇ ರೀತಿ ತೀರಿಕೊಂಡ. ‘ರಾಶೊಮಾನ್’ ಚಲನಚಿತ್ರ ಕಂಡವರಿಗೆ ಆತನ ಕಥೆಗಳ ಪರಿಚಯವಿದ್ದೇ ಇರುತ್ತದೆ. ಟೋಕಿಯೋದ ಶಾಲೆಯೊಂದರಲ್ಲಿ ಆತನ ಸಹಪಾಠಿಯಾಗಿದ್ದ ಕಿಕುಚಿ ಕಾನ್, ಗೆಳೆಯನ ಸಾವಿನ ರೀತಿಯನ್ನು ಮರೆಮಾಚಲೂ ಇಲ್ಲ, ವೈಭವೀಕರಿಸಲೂ ಇಲ್ಲ. 1935ರಲ್ಲಿ ಅವನ ಹೆಸರಿನಲ್ಲಿ ಹೊಸ ಬರಹಗಾರರಿಗೊಂದು ಪ್ರಶಸ್ತಿಯನ್ನು ಸ್ಥಾಪಿಸಿದ. ಇಂದು ಆ ದೇಶದಲ್ಲಿ ಅಕುತಗವ ಎಂದರೆ ಮೊದಲು ನೆನಪಾಗುವುದು ಸಾಹಿತ್ಯ.

ಎಲ್ಲರಿಂದಲೂ ಪ್ರಶಸ್ತಿ ಸ್ಥಾಪಿಸಲಾಗದು. ಹೆಸರು ಹೇಳುವುದು ಸಾಧ್ಯ. ಅವನು ಗಣಿತದಲ್ಲಿ ಎಷ್ಟು ಚುರುಕಾಗಿದ್ದ, ಯಕ್ಷಗಾನದ ಯಾವ ವೇಷವನ್ನು ಅನುಕರಿಸುತ್ತಿದ್ದ ಎಂಬುದನ್ನು ಅವನ ಕೊನೆಯ ದಿನದ ವಿವರಕ್ಕಿಂತ ಹೆಚ್ಚು ಹೇಳುವುದು ಸಾಧ್ಯ. ಅದೇ ಕೂಟದಲ್ಲಿ ಮಾತು ಕಡಿಮೆಯಾದ ಇನ್ನೊಬ್ಬ ಕುಳಿತಿರಬಹುದು. ಅವನಿಗೆ ಈ ಮಾತು ಕೇಳಿಸುವುದು ಮುಖ್ಯ. ವೈದ್ಯರ ಬಳಿಗೆ ಜೊತೆಗೂಡಿ ಹೋಗುವವರು ಬೇಕು. 2022ರಿಂದ ‘ಟೆಲಿ ಮಾನಸ್’ ಎಂಬ ಸರಕಾರಿ ದೂರವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಆಲಿಸುವವರೂ ಇದ್ದಾರೆ.

ರಜೆಗೆ ಊರಿಗೆ ಹೋದವರು ಆ ಸಹಪಾಠಿಯ ಮನೆಯ ಮುಂದೆ ಹೆಜ್ಜೆ ಚುರುಕುಗೊಳಿಸುವುದೇ ವಾಡಿಕೆ. ಒಳಗೆ ಅವನ ತಾಯಿ ಇರುತ್ತಾಳೆ. ಮಗನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಆಕೆಗೆ ಎಷ್ಟು ವರ್ಷಗಳಾಗಿವೆಯೋ!