ನಿಲ್ಲಿಸುವ ಶಕ್ತಿ

ನನ್ನ ಮಿತ್ರರೊಬ್ಬರು ತಮ್ಮ ಹಳೆಯ ಸಣ್ಣ ಕಾರಿಗೆ ಅದೇ ಕಂಪೆನಿಯ ದೊಡ್ಡ ಕಾರಿನ ಬ್ರೇಕು ಹಾಕಿಸಿದರು. ಗುಜರಿಯಲ್ಲಿ ಸಿಕ್ಕ ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರು. ಅವು ಹಳೆಯ ಚಕ್ರದೊಳಗೆ ಹಿಡಿಸದೆ ಚಕ್ರವನ್ನೂ ದೊಡ್ಡದು ಮಾಡಬೇಕಾಯಿತು. ಮೂಗಿಗಿಂತ ಮೂಗುತಿ ಭಾರವಾಯಿತೆಂದು ನಾನು ನಕ್ಕೆ. ಅವರು ನಗಲಿಲ್ಲ. ಹಿಂದಿನ ತಿಂಗಳು ಅವರ ಬೀದಿಯ ತಿರುವಿನಲ್ಲಿಯೇ ಒಂದು ಮಗು ಅಡ್ಡ ಓಡಿಬಂದಾಗ, ಗಾಡಿ ನಿಲ್ಲಬೇಕಾದ ಜಾಗಕ್ಕಿಂತ ಎರಡು ಮೊಳ ಮುಂದೆ ಹೋಗಿ ನಿಂತಿತ್ತಂತೆ. ಮಗು ಪಕ್ಕಕ್ಕೆ ಹಾರಿದ್ದರಿಂದ ಉಳಿಯಿತು. ಅಂಥದೊಂದು ರಾತ್ರಿ ನಿದ್ದೆಗೆಟ್ಟವರು ಬ್ರೇಕಿಗೆ ಹಣ ಸುರಿದರೆ ಅದನ್ನು ಷೋಕಿ ಎನ್ನಲಾಗದು.

ಇದರಲ್ಲಿ ಮಾಯೆಯೇನೂ ಇಲ್ಲ. ಡಿಸ್ಕು ಅಗಲವಾದಷ್ಟೂ ಪ್ಯಾಡು ಅದನ್ನು ಅಚ್ಚಿನಿಂದ ದೂರದಲ್ಲಿ ಹಿಡಿಯುತ್ತದೆ. ಬಾಗಿಲನ್ನು ಕೀಲಿನ ಬಳಿ ತಡೆಯುವುದಕ್ಕೂ ಅಂಚಿನಲ್ಲಿ ತಡೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಲೋಹ ಹೆಚ್ಚಾದ್ದರಿಂದ ಕಾವು ಬೇಗ ಏರುವುದಿಲ್ಲ. ಘಾಟಿ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ವೇಗ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ, ಕಾವಾಗಿ ಕರಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದರೆ ಕಟ್ಟಕಡೆಗೆ ಗಾಡಿಯನ್ನು ನಿಲ್ಲಿಸುವುದು ಡಿಸ್ಕಲ್ಲ, ನೆಲವನ್ನು ಮುಟ್ಟಿರುವ ನಾಲ್ಕು ಅಂಗೈಯಗಲದ ರಬ್ಬರು. ಚಕ್ರವನ್ನು ಬಿಗಿದು ಜಾರಿಸುವಷ್ಟು ಬಲ ಹಳೆಯ ಬ್ರೇಕಿಗೇ ಇದ್ದರೆ, ಒಂದು ಸಲ ಅದುಮಿ ನಿಲ್ಲಿಸುವ ದೂರ ಹೊಸದರಿಂದ ಅಷ್ಟೇನೂ ಕಡಮೆಯಾಗದು. ಮುಂದಿನ ಚಕ್ರಗಳಿಗೆ ಮಾತ್ರ ಬಲ ಕೊಟ್ಟು ಹಿಂದಿನವನ್ನು ಮರೆತರೆ ಸಮತೋಲವೂ ಕೆಡುತ್ತದೆ. ಇದನ್ನೆಲ್ಲ ನನಗೆ ತಿಳಿಸಿದವನು ಮೆಕ್ಯಾನಿಕ್ಕು, ಮಿತ್ರರಿಗೂ ಹೇಳಿದ್ದನಂತೆ. ಆದರೆ ಧೈರ್ಯ ಕೊಳ್ಳಲು ಹೋದವರಿಗೆ ವಿವರ ಕೇಳಿಸುವುದಿಲ್ಲ.

ಬ್ರೇಕು ವೇಗದ ವೈರಿಯೆಂದು ನಾವು ಭಾವಿಸುತ್ತೇವೆ. ಓಟದ ಪಂದ್ಯದವರು ಹಾಗೆ ಭಾವಿಸಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಪಂದ್ಯವನ್ನು ಗೆದ್ದ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ ಡನ್‌ಲಪ್ ಕಂಪೆನಿಯ ಡಿಸ್ಕ್ ಬ್ರೇಕುಗಳಿದ್ದವು. ಡ್ರಮ್ ಬ್ರೇಕಿನ ಎದುರಾಳಿಗಳು ನೇರ ರಸ್ತೆಯ ತುದಿಯಲ್ಲಿ ಮುಂಚೆಯೇ ಕಾಲು ಒತ್ತಬೇಕಾಗಿದ್ದಾಗ, ಇವರು ಇನ್ನಷ್ಟು ದೂರ ಅದೇ ವೇಗದಲ್ಲಿ ಹೋಗಬಹುದಾಗಿತ್ತು. ಅಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದುದು ಅದೇ ಮೊದಲು. ನಿಲ್ಲಿಸುವ ಸಾಧನ ಓಡಿಸುವ ಸಾಧನವಾಯಿತು. ಅಲ್ಲಿ ಅದು ತಪ್ಪಲ್ಲ. ಪಂದ್ಯದ ದಾರಿಯಲ್ಲಿ ತರಕಾರಿ ಚೀಲ ಹಿಡಿದು ದಾಟುವ ಮುದುಕಿಯರಿಲ್ಲ.

ಊರಿನ ದಾರಿಯಲ್ಲಿ ಇದ್ದಾರೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಚಕ್ರ ಬಿಗಿದುಕೊಳ್ಳದಂತೆ ಕಾಯುವ ಎಬಿಎಸ್ ಬ್ರೇಕು ಇದ್ದ ಟ್ಯಾಕ್ಸಿಗಳನ್ನೂ ಇಲ್ಲದ ಟ್ಯಾಕ್ಸಿಗಳನ್ನೂ ಹೋಲಿಸಿ ನೋಡಿದರು. ಅಪಘಾತಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಬ್ರೇಕಿನವರು ತಿರುವುಗಳಲ್ಲಿ ಬಿರುಸಾದರು, ಮುಂದಿನ ಗಾಡಿಗೆ ಹತ್ತಿರವಾದರು. ಮನುಷ್ಯ ಒಂದಿಷ್ಟು ಅಪಾಯವನ್ನು ಮನಸ್ಸಿನಲ್ಲೇ ಒಪ್ಪಿಕೊಂಡಿರುತ್ತಾನೆ, ಒಂದು ಕಡೆ ಅದು ಇಳಿದರೆ ಇನ್ನೊಂದು ಕಡೆ ತುಂಬಿಕೊಳ್ಳುತ್ತಾನೆ ಎಂಬುದು ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಅವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಸೀಟು ಬೆಲ್ಟು ಉಳಿಸಿದ ಜೀವಗಳನ್ನು ಈ ವಾದ ಅಳಿಸಲಾರದು. ಆದರೂ ಮಿತ್ರರ ಪಕ್ಕದಲ್ಲಿ ಕುಳಿತು ಕಾಲೇಜಿಗೆ ಹೋಗಿಬರುವ ನನಗೆ ಇದನ್ನು ತಳ್ಳಿಹಾಕುವುದೂ ಕಷ್ಟ.

ಮೊದಲ ವಾರ ಅವರು ಹಿಂದಿನಂತೆಯೇ ಓಡಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ, ಮುಂದಿನ ಬಸ್ಸಿನ ಬೆನ್ನ ಮೇಲಿನ ಬರೆಹವನ್ನು ನಾನು ಕನ್ನಡಕವಿಲ್ಲದೆ ಓದುವಷ್ಟು ಹತ್ತಿರವಾಗಿದ್ದೆವು. ಒಂದು ಸಂಜೆ ಶಾಲೆಯ ಹುಡುಗನೊಬ್ಬ ಅಡ್ಡ ಬಂದ. ಗಾಡಿ ಗಕ್ಕನೆ ನಿಂತಿತು. ಹುಡುಗನಿಗೂ ಬಂಪರಿಗೂ ನಡುವೆ ಒಂದು ಗೇಣು. "ನೋಡಿದಿರಾ ಮೇಷ್ಟ್ರೆ, ಹಳೆಯ ಬ್ರೇಕಾಗಿದ್ದರೆ?" ಎಂದರು. ಮಾತು ಮುಗಿಯುವ ಮೊದಲೇ ಹಿಂದಿನಿಂದ ಢಕ್ಕೆಂದಿತು. ಅರವತ್ತು ದಾಟಿದ ಸ್ಕೂಟರಿನವರೊಬ್ಬರು ಮೊಣಕಾಲು ಹಿಡಿದುಕೊಂಡು ರಸ್ತೆಯಲ್ಲಿ ಕುಳಿತಿದ್ದರು. ನಾವು ಅಷ್ಟು ಬೇಗ ನಿಲ್ಲಬಲ್ಲೆವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಳೆಯ ಬ್ರೇಕಾಗಿದ್ದರೆ ಆ ವೇಗದಲ್ಲಿ ಹುಡುಗ ಉಳಿಯುತ್ತಿರಲಿಲ್ಲ, ನಿಜವಿರಬಹುದು. ಮೆಕ್ಯಾನಿಕ್ಕಿನ ಲೆಕ್ಕ ಹಿಡಿದರೆ ಅದೂ ಅನುಮಾನ. ಹಳೆಯ ಬ್ರೇಕಾಗಿದ್ದರೆ ಆ ವೇಗವೇ ಇರುತ್ತಿರಲಿಲ್ಲವೆಂಬುದು ಮಾತ್ರ ನಾನು ಕಣ್ಣಾರೆ ಕಂಡದ್ದು. ಒಂದು ಮಗುವಿನ ನೆನಪಿನಲ್ಲಿ ದುಡ್ಡು ಕೊಟ್ಟು ಕೊಂಡ ಎರಡು ಮೊಳವನ್ನು ಅವರು ದಿನಕ್ಕಿಷ್ಟರಂತೆ ತಮ್ಮ ಆತುರಕ್ಕೆ ಖರ್ಚು ಮಾಡಿಕೊಂಡಿದ್ದರು. ಮೋಸ ಮಾಡಬೇಕೆಂದಲ್ಲ, ಮಾಡುತ್ತಿದ್ದೇನೆಂದು ತಿಳಿದೂ ಅಲ್ಲ. ತಿಳಿದಿದ್ದವನು ನಾನು. ದಿನವೂ ಹತ್ತು ನಿಮಿಷ ಮುಂಚೆ ಮನೆ ಸೇರಿ ಕಾಫಿ ಕುಡಿಯುವ ಸುಖದಲ್ಲಿ ಸುಮ್ಮನಿದ್ದೆ.

ಸ್ಕೂಟರಿನವರನ್ನು ಮಿತ್ರರೇ ಆಸ್ಪತ್ರೆಗೆ ಕರೆದೊಯ್ದು ಖರ್ಚು ಕೊಟ್ಟರು. ಆ ವಿಷಯದಲ್ಲಿ ಅವರು ದೊಡ್ಡ ಮನುಷ್ಯರು. ಮರುದಿನ ಮೆಕ್ಯಾನಿಕ್ಕಿನ ಬಳಿಗೆ ಹೋಗಿ, ಹಿಂದಿನ ಕೆಂಪು ದೀಪಗಳನ್ನು ಇನ್ನಷ್ಟು ದೊಡ್ಡದು ಮಾಡಿಸಬಹುದೇ ಎಂದು ವಿಚಾರಿಸಿದರಂತೆ.