ನೋಯದ ಎದೆಯನ್ನು ಕೊಯ್ಯಬಹುದೆ?

1986ರ ಜನವರಿ 24. ಜಪಾನಿನ ಮಾತ್ಸುಎ ಊರಿನಲ್ಲಿ ವಾಲಿಬಾಲ್ ಪಂದ್ಯ. ಬದಲಿ ಆಟಗಾರ್ತಿಗೆ ಜಾಗ ಬಿಟ್ಟು ಬೆಂಚಿಗೆ ಬಂದು ಕೂತ ಫ್ಲೋ ಹೈಮನ್ ಕುಸಿದರು, ಮತ್ತೆ ಏಳಲಿಲ್ಲ. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ತಾರೆಗೆ ವಯಸ್ಸು ಬರೀ 31. ಹೃದಯದಿಂದ ಹೊರಡುವ ಮಹಾಪಧಮನಿ ಸೀಳಿತ್ತು. ಅದಕ್ಕೆ ಕಾರಣ ಮಾರ್ಫಾನ್ ಸಿಂಡ್ರೋಮ್ ಎಂದು ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಆಮೇಲೆ ಅವರ ಸಹೋದರನಲ್ಲೂ ಅದೇ ದೋಷ ಪತ್ತೆಯಾಯಿತು, ಆತನಿಗೆ ಶಸ್ತ್ರಚಿಕಿತ್ಸೆಯಾಯಿತು.

ಮಾರ್ಫಾನ್ ಇರುವವರಲ್ಲಿ ರಕ್ತನಾಳದ ಗೋಡೆಗೆ ಬಿಗಿ ಕೊಡುವ ಫೈಬ್ರಿಲಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಸರಿಯಿರುವುದಿಲ್ಲ. ನಾಳ ಸದ್ದಿಲ್ಲದೆ ಉಬ್ಬುತ್ತದೆ. ಅಗಲ ಸುಮಾರು 5 ಸೆಂಟಿಮೀಟರ್ ಮುಟ್ಟಿದರೆ ವೈದ್ಯರು ಆ ಭಾಗ ತೆಗೆದು ಪಾಲಿಯೆಸ್ಟರ್ ಕೊಳವೆ ಹೊಲಿಯುತ್ತಾರೆ. ಆದರೆ ಆ ಹೊತ್ತಿಗೆ ಎಷ್ಟೋ ಮಂದಿಗೆ ಯಾವ ನೋವೂ ಇರುವುದಿಲ್ಲ. ಬರಬಹುದಾದ, ಬಾರದೆಯೂ ಇರಬಹುದಾದ ಸಾವಿಗೆ ಹೆದರಿ ಇವತ್ತೇ ಎದೆ ಸೀಳಿಸಿಕೊಳ್ಳುವುದು ಸರಿಯೇ? ಹಣೆಯಲ್ಲಿ ಬರೆದಷ್ಟೇ ಆಯುಷ್ಯ ಎನ್ನುವವರು ಸುಮ್ಮನಿರಿ ಎಂದಾರು.

ಸುಮ್ಮನಿರುವುದೂ ಒಂದು ಕರ್ಮವೇ, ಅದಕ್ಕೂ ಫಲವುಂಟು. 675 ಮಾರ್ಫಾನ್ ರೋಗಿಗಳ ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ಮುಂಚೆಯೇ ದಿನ ಗೊತ್ತುಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇ. 1.5, ತುರ್ತಿನಲ್ಲಿ ಮಾಡಿಸಿಕೊಂಡವರಲ್ಲಿ ಶೇ. 11.7. ಆಸ್ಪತ್ರೆ ತಲುಪುವ ಮುನ್ನವೇ ಹೋದವರು ಈ ಲೆಕ್ಕದಲ್ಲಿಲ್ಲ. ಆದರೂ ಆ ಒಂದೂವರೆಯಲ್ಲಿ ತಾನೇ ಇದ್ದರೆ ಎಂಬ ಭಯ ಹುಸಿಯಲ್ಲ. ನಾಳದ ಜೊತೆಗೆ ಹೃದಯದ ಕವಾಟವನ್ನೂ ತೆಗೆದು ಯಾಂತ್ರಿಕ ಕವಾಟ ಕೂರಿಸಿದರೆ ರಕ್ತ ಹೆಪ್ಪುಗಟ್ಟದಂತೆ ಬದುಕಿಡೀ ಮಾತ್ರೆ ನುಂಗಬೇಕು. ಈ ಹೊರೆ ಹೊರುವವರೇ ತೀರ್ಮಾನಿಸಬೇಕು. ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳುವುದು ವೈದ್ಯರ ಪಾಲು.

ಆ ಮಾತ್ರೆಗಳ ಬದುಕು ಸ್ವತಃ ಮಾರ್ಫಾನ್ ಇದ್ದ ಇಂಗ್ಲೆಂಡಿನ ಎಂಜಿನಿಯರ್ ಟಾಲ್ ಗೋಲ್ಸ್‌ವರ್ದಿಗೆ ಬೇಡವಾಗಿತ್ತು. ಸ್ಕ್ಯಾನ್ ಚಿತ್ರಗಳಿಂದ ತಮ್ಮ ಮಹಾಪಧಮನಿಯ ಅಳತೆಗೇ ಅಚ್ಚು ಮಾಡಿ, ನಾಳವನ್ನು ಹೊರಗಿನಿಂದ ಬಿಗಿಹಿಡಿಯುವ ಜಾಲರಿ ಕವಚವೊಂದನ್ನು ಅವರು ರೂಪಿಸಿದರು. 2004ರಲ್ಲಿ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಅದನ್ನು ಮೊತ್ತಮೊದಲು ತೊಡಿಸಿದ್ದು ಅವರಿಗೇ.

ಎಲ್ಲ ಕಡೆ ಕತ್ತರಿಯೇ ಮದ್ದಲ್ಲ. ರಕ್ತನಾಳಗಳನ್ನು ಕಾಡುವ ಬಗೆಯ ಎಹ್ಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್ ಎಂಬ ಇನ್ನೊಂದು ಹುಟ್ಟುದೋಷದಲ್ಲಿ ಹೊಲಿಗೆ ಹಾಕಿದಲ್ಲೇ ನಾಳ ನೆನೆದ ಕಾಗದದಂತೆ ಹರಿಯಬಹುದು. ಅಲ್ಲಿ ಕೈ ತಡೆಯುವುದೂ ವೈದ್ಯಧರ್ಮ.

ಮಾರ್ಫಾನ್ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಮದುವೆ ಸಂಬಂಧ ತಪ್ಪೀತೆಂದು ಈ ಸುದ್ದಿ ಬಚ್ಚಿಡುವುದು ಒಡಹುಟ್ಟಿದವರಿಗೆ ಬಗೆಯುವ ಅನ್ಯಾಯ. ಮನೆಯಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಮಹಾಪಧಮನಿ ಸೀಳಿ ತೀರಿಕೊಂಡಿದ್ದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳು ತಡಮಾಡದೆ ಹೃದ್ರೋಗ ತಜ್ಞರನ್ನು ಕಂಡು ಎಕೋ ಪರೀಕ್ಷೆ ಮಾಡಿಸಿಕೊಳ್ಳಲಿ.